ದವಡೆ ಕೀಲು ನೋವು: ಮೂಲ ಎಲ್ಲಿದೆ ಅಂತ ಮನೆಯಲ್ಲೇ ಹುಡುಕುವುದು ಹೇಗೆ, ಯಾವಾಗ ಡಾಕ್ಟರ ಹತ್ತಿರ ಓಡಬೇಕು

ನನಗೆ ಇದು ಶುರುವಾಗಿದ್ದು ಬಲಗಿವಿ ನೋವಾಗಿ. ಹತ್ತು ದಿನ ಕಿವಿಗೆ ಹನಿ ಹಾಕಿದೆ, ಕಡಿಮೆಯಾಗಲಿಲ್ಲ. ಮತ್ತೆ ಹೋದರೆ ಬೇರೆ ಹನಿ ಕೊಟ್ಟರು. ಹಲ್ಲಿಂದ ಇರಬಹುದು ಅಂತ ಯಾರೋ ಹೇಳಿದರು ಅಂತ ಒಂದು ಕ್ಲಿನಿಕ್‌ಗೆ ಹೋದೆ, ಅಲ್ಲಿ ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿಬಿಡೋಣ ಅಂದರು. ಆವತ್ತು ಕೈಯಲ್ಲಿ ದುಡ್ಡಿರಲಿಲ್ಲ, ಅದೇ ಒಳ್ಳೆಯದಾಯಿತು. ವಾರದ ನಂತರ ಇನ್ನೊಬ್ಬ ದಂತವೈದ್ಯೆ ನನ್ನ ಎರಡೂ ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆರೀರಿ, ಮುಚ್ಚಿ ಅಂದರು. ಆಮೇಲೆ ಕೆನ್ನೆಯ ದಪ್ಪ ಸ್ನಾಯುವನ್ನು ಹೆಬ್ಬೆರಳಲ್ಲಿ ಒತ್ತಿದರು ನೋಡಿ, ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ಅದೇ ಕಿವಿ ನೋವು! ಕಿವಿಯಲ್ಲೂ ಏನಿರಲಿಲ್ಲ, ಹಲ್ಲಲ್ಲೂ ಏನಿರಲಿಲ್ಲ. ರಾತ್ರಿಯಿಡೀ ಹಲ್ಲು ಕಡಿಯುತ್ತಿದ್ದೆನಂತೆ.

ದವಡೆ ನೋವಿನ ದೊಡ್ಡ ತಲೆನೋವೇ ಇದು. ನೋವು ಒಂದು ಕಡೆ, ಮೂಲ ಇನ್ನೊಂದು ಕಡೆ. ಅದಕ್ಕೆ ಇಲ್ಲಿ ರೋಗದ ಹೆಸರಿಂದ ಹೊರಡದೆ ನಿಮಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಅನ್ನುವುದರಿಂದ ಹೊರಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಎರಡು ವರ್ಷ ಇದರ ಜೊತೆ ಬದುಕಿ, ಕೇಳಿ, ಓದಿ ತಿಳಿದುಕೊಂಡದ್ದು ಇಷ್ಟು.

ಮೊದಲು ಇದನ್ನು ನೋಡಿ: ಒಂದು ದಿನವೂ ಕಾಯಬಾರದ ಲಕ್ಷಣಗಳು

ಮೆಟ್ಟಿಲು ಹತ್ತುವಾಗ, ಬೇಗ ಬೇಗ ನಡೆಯುವಾಗ ದವಡೆ ನೋವು ಬಂದು, ನಿಂತರೆ ಕಡಿಮೆಯಾಗುತ್ತದಾ? ಅಥವಾ ದವಡೆ ನೋವಿನ ಜೊತೆ ಎದೆ ಭಾರ, ಬೆವರು, ಉಸಿರುಕಟ್ಟು, ಎಡಗೈ ಸೆಳೆತ, ವಾಕರಿಕೆ ಇದೆಯಾ? ಅದು ಹೃದಯದ ನೋವು ಇರಬಹುದು. ಕೆಲವರಿಗೆ, ಅದರಲ್ಲೂ ಹೆಂಗಸರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ, ಎದೆ ನೋವು ಅಷ್ಟಾಗಿ ಇಲ್ಲದೆಯೂ ಹೀಗೆ ಬರುತ್ತದೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ.

ವಯಸ್ಸು 50 ದಾಟಿದೆ. ಊಟ ಶುರು ಮಾಡಿ ಒಂದೆರಡು ನಿಮಿಷ ಅಗಿದ ಮೇಲೆ ದವಡೆ ಸೋತು ನೋಯುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಜೊತೆಗೆ ಕಣತಲೆಯಲ್ಲಿ ಹೊಸ ತಲೆನೋವು, ತಲೆ ಬಾಚಿಕೊಂಡರೂ ಚರ್ಮ ನೋಯುವುದು, ಕಣ್ಣು ಮಂಜಾಗುವುದು ಅಥವಾ ಎರಡೆರಡು ಕಾಣುವುದು. ಇದು ತಲೆಯ ರಕ್ತನಾಳದ ಉರಿಯೂತ ಇರಬಹುದು. ಬಿಟ್ಟರೆ ಕಣ್ಣೇ ಹೋಗಬಹುದು, ಹೋದ ಕಣ್ಣು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಇಎಸ್‌ಆರ್, ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ, ಸ್ಟೀರಾಯ್ಡ್ ತಕ್ಷಣ ಶುರು ಮಾಡುತ್ತಾರೆ. ನಮ್ಮಲ್ಲಿ ಇದು ಅಪರೂಪ ನಿಜ, ಆದರೆ ಬಂದವರಿಗೆ ಅಪರೂಪ ಅನ್ನುವ ಮಾತಿಂದ ಏನು ಪ್ರಯೋಜನ?

ಇನ್ನು ಗಾಯ ಆಗಿ ಕೆಲವು ದಿನ, ವಾರದ ನಂತರ ದವಡೆ ಸೆಟೆದುಕೊಂಡು ಬಾಯಿ ಬಿಡಲು ಆಗದಿದ್ದರೆ ಧನುರ್ವಾಯು ಇರಬಹುದು. ವಾಂತಿ ನಿಲ್ಲಲು ಕೊಟ್ಟ ಮಾತ್ರೆ, ಇಂಜೆಕ್ಷನ್ ಆದ ಮೇಲೆ ಅಥವಾ ಕೆಲವು ಮನೋರೋಗದ ಔಷಧಿ ಶುರು ಮಾಡಿದ ಮೇಲೆ ದವಡೆ ಒಂದು ಕಡೆ ತಿರುಚಿಕೊಂಡರೆ, ನಾಲಗೆ ಹೊರಳಿದರೆ, ಕಣ್ಣು ಮೇಲೆ ಸಿಕ್ಕಿಕೊಂಡರೆ, ಅದು ಔಷಧಿಯದ್ದೇ ಪರಿಣಾಮ. ಮನೆಯವರು ಗಾಳಿ ಸೋಕಿದೆ ಅಂತ ಹೆದರುತ್ತಾರೆ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಲ್ಲೇ ಬಿಡುತ್ತದೆ. ಔಷಧಿ ಚೀಟಿ ಜೊತೆಗೆ ತೆಗೆದುಕೊಂಡು ಹೋಗಿ.

ಗಾಡಿಯಿಂದ ಬಿದ್ದು ಗದ್ದಕ್ಕೆ ಪೆಟ್ಟಾಗಿ, ಆಮೇಲೆ ಹಲ್ಲು ಮೊದಲಿನ ಹಾಗೆ ಕೂರದಿದ್ದರೆ ಕೀಲಿನ ಹತ್ತಿರದ ಮೂಳೆ ಮುರಿದಿರಬಹುದು. ಪೆಟ್ಟು ಗದ್ದಕ್ಕೆ, ಮುರಿಯುವುದು ಕಿವಿಯ ಹತ್ತಿರ. ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದು ಸುಮ್ನಿರುವವರು ಬಹಳ. ಮಕ್ಕಳಲ್ಲಿ ಇದನ್ನು ಬಿಟ್ಟರೆ ಮುಂದೆ ಕೀಲು ಮೂಳೆಯಾಗಿ ಅಂಟಿಕೊಂಡು ಬಾಯಿಯೇ ತೆರೆಯದ ಹಾಗಾಗುವುದುಂಟು, ದವಡೆಯೂ ಬೆಳೆಯುವುದಿಲ್ಲ. ಹಾಗೇ ಜ್ವರದ ಜೊತೆ ಗಂಟಲು, ದವಡೆ ಕೆಳಗೆ ಊದಿ ನುಂಗಲು, ಉಸಿರಾಡಲು ಕಷ್ಟವಾದರೂ ತುರ್ತು ಚಿಕಿತ್ಸೆಗೇ ಹೋಗಬೇಕು.

ಇದ್ಯಾವುದೂ ಇಲ್ಲ ಅಲ್ವಾ? ಹಾಗಾದರೆ ಕನ್ನಡಿ ಮುಂದೆ ಬನ್ನಿ.

ಐದು ನಿಮಿಷದ, ಖರ್ಚಿಲ್ಲದ ತಪಾಸಣೆ

ಕಿವಿ ತೂತಿನ ಮುಂದೆ ಒಂದು ಪುಟ್ಟ ಉಬ್ಬು ಇರುತ್ತದಲ್ಲ, ಅದಕ್ಕಿಂತ ಅರ್ಧ ಬೆರಳು ಮುಂದೆ ತೋರುಬೆರಳಿಡಿ, ಎರಡೂ ಕಡೆ. ನಿಧಾನ ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಗೋಲಿಯಂಥದ್ದು ಮುಂದಕ್ಕೆ ಜಾರಿ ಹಿಂದಕ್ಕೆ ಬರುತ್ತದೆ. ಅದೇ ಕೀಲು. ಬಾಗಿಲ ತಿರುಗಣಿಯ ಹಾಗೆ ತಿರುಗುವುದಷ್ಟೇ ಅಲ್ಲ, ಮೇಜಿನ ಡ್ರಾಯರ್ ಹಾಗೆ ಮುಂದಕ್ಕೂ ಜಾರುತ್ತದೆ. ಕೆಳದವಡೆಯ ಗುಂಡುತಲೆಗೂ ತಲೆಬುರುಡೆಗೂ ನಡುವೆ ಒಂದು ಚಿಕ್ಕ ಮೆತ್ತೆ ಇದೆ, ಡಿಸ್ಕ್ ಅಂತಾರೆ. ಮುಂದೆ ಬರುವ ಟಕ್ ಶಬ್ದ, ಸಿಕ್ಕಿಕೊಳ್ಳುವುದು ಎಲ್ಲ ಹೆಚ್ಚಾಗಿ ಈ ಮೆತ್ತೆಯದೇ ಕಿತಾಪತಿ.

ಅಲ್ಲೇ ಒತ್ತಿದರೆ ಚುಚ್ಚುವ ನೋವಾ? ಹಾಗಾದರೆ ಕೀಲಿನ ಮೇಲೆ ಅನುಮಾನ ಪಡಿ.

ಈಗ ಹಲ್ಲು ಕಚ್ಚಿ. ಕೆನ್ನೆಯಲ್ಲಿ ದವಡೆ ಮೂಲೆಯ ಹತ್ತಿರ ಗಟ್ಟಿಯಾಗಿ ಉಬ್ಬುವುದು ಅಗಿಯುವ ಸ್ನಾಯು. ಕಣತಲೆಯಲ್ಲಿ ಉಬ್ಬುವುದು ಇನ್ನೊಂದು. ಸಡಿಲ ಬಿಟ್ಟು ಅವನ್ನು ಒತ್ತಿ ನೋಡಿ. ನಿಮ್ಮ ದಿನನಿತ್ಯದ ನೋವು ಹಾಗೇ ಎದ್ದು ಬಂದರೆ, ಅದರಲ್ಲೂ ಒತ್ತಿದ ಜಾಗ ಬಿಟ್ಟು ಕಿವಿಗೋ ಹಲ್ಲಿಗೋ ಹರಿದರೆ, ಸ್ನಾಯುವಿನ ನೋವು ಅನ್ನಬಹುದು. ಜಾಸ್ತಿ ಜನರಿಗೆ ಇರುವುದು ಇದೇ.

ಮೂರನೆಯದು ಮೂರು ಬೆರಳಿನ ಪರೀಕ್ಷೆ. ನಿಮ್ಮದೇ ತೋರು, ನಡು, ಉಂಗುರ ಬೆರಳು ಜೋಡಿಸಿ ನೆಟ್ಟಗೆ ನಿಲ್ಲಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲು ನೋಡಿ. ಮೂರೂ ಹೋದರೆ ಸರಿ. ಅಳತೆಪಟ್ಟಿಯಲ್ಲಿ ಹೇಳುವುದಾದರೆ ಸುಮಾರು 40 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ತೆರೆಯಬೇಕು. 35ಕ್ಕಿಂತ ಕಡಿಮೆ ಅಂದರೆ ಎಲ್ಲೋ ತಡೆ ಇದೆ. ಒತ್ತಿ ತುರುಕಬೇಡಿ. ಇವತ್ತು ಎಷ್ಟು ಅಂತ ತಾರೀಖು ಹಾಕಿ ಬರೆದಿಡಿ, ಮುಂದೆ ತುಂಬ ಕೆಲಸಕ್ಕೆ ಬರುತ್ತದೆ.

ಕೊನೆಗೆ, ಬಾಯಿ ತೆರೆಯುವಾಗ ಗದ್ದ ನೇರ ಕೆಳಗೆ ಇಳಿಯುತ್ತದಾ ನೋಡಿ. ಒಂದು ಕಡೆ ಸರಿದು ಮತ್ತೆ ನಡುವಿಗೆ ಬಂದರೆ ಮೆತ್ತೆ ಜಾರಿ ಕೂರುತ್ತಿದೆ. ಒಂದೇ ಕಡೆ ವಾಲಿ ಅಲ್ಲೇ ಉಳಿದರೆ, ವಾಲಿದ ಕಡೆಯ ಕೀಲು ಜಾರುತ್ತಿಲ್ಲ.

ಬೆಳಗ್ಗೆ ಎದ್ದಾಗ ದವಡೆ ಬಿಗಿ, ಕಣತಲೆ ನೋವು, ಮಧ್ಯಾಹ್ನಕ್ಕೆ ಪರವಾಗಿಲ್ಲ

ಇದು ರಾತ್ರಿ ಹಲ್ಲು ಕಡಿಯುವವರ ಕಥೆ. ಕಡಿಯುವವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ಕರಕರ ಅನ್ನುವ ಶಬ್ದ, ಇಲಿ ಏನೋ ಕಡಿಯುತ್ತಿದೆ ಅನ್ನುವ ಹಾಗೆ. ಶಬ್ದ ಬರದೆ ಸುಮ್ನೆ ಕಚ್ಚಿ ಹಿಡಿಯುವವರೂ ಇದ್ದಾರೆ, ನಾನು ಆ ಪೈಕಿ.

ಸಾಕ್ಷಿ ಬಾಯೊಳಗೇ ಇರುತ್ತದೆ. ನಾಲಗೆ ಹೊರಗೆ ಚಾಚಿ ಅಂಚು ನೋಡಿ: ಹಲ್ಲಿನ ಅಚ್ಚು ಬಿದ್ದು ಚಕ್ಕುಲಿ ಅಂಚಿನ ಹಾಗೆ ಕಾಣುತ್ತದಾ? ಕೆನ್ನೆಯ ಒಳಗೆ ಹಲ್ಲು ಸೇರುವ ಮಟ್ಟಕ್ಕೆ ಬಿಳಿ ಗೆರೆ ಇದೆಯಾ? ಮೊನಚಾಗಿರಬೇಕಾದ ಕೋರೆಹಲ್ಲಿನ ತುದಿ ಸವೆದು ಚಪ್ಪಟೆಯಾಗಿದೆಯಾ? ಒಂದೊಂದೇ ಇದ್ದರೆ ದೊಡ್ಡ ಅರ್ಥವಿಲ್ಲ, ಎರಡು ಮೂರು ಸೇರಿದರೆ ಅನುಮಾನ ಗಟ್ಟಿ.

ಯಾಕೆ ಹೀಗಾಗುತ್ತದೆ ಅಂದರೆ ಒಂದೇ ಉತ್ತರ ಇಲ್ಲ. ಟೆನ್ಷನ್ ಒಂದು ಕಾರಣ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಸಂಜೆ ಆರರ ಮೇಲೆ ಕುಡಿಯುವ ಗಟ್ಟಿ ಕಾಫಿ, ಸಿಗರೇಟು, ಮದ್ಯ ಕೂಡ ಜಾಸ್ತಿ ಮಾಡುತ್ತವೆ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್, ಎಸ್ಸಿಟಲೋಪ್ರಾಮ್ ಥರದ ಮಾತ್ರೆಗಳಿಂದಲೂ ಕೆಲವರಿಗೆ ಶುರುವಾಗುತ್ತದೆ. ಹಾಗಂತ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ, ಬದಲಾಯಿಸುವ ದಾರಿ ಇರುತ್ತದೆ. ಜೋರಾಗಿ ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಮೊದಲು ಅದನ್ನು ತೋರಿಸಿ. ಹಲ್ಲು ಕಡಿಯುವುದು ಅದರ ಜೊತೆಗೂ ಬರುತ್ತದೆ.

ಹಗಲಲ್ಲೂ ಗಮನ ಕೊಡಿ. ಈಗ ಇದನ್ನು ಓದುತ್ತಾ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಿಕೊಂಡಿವೆಯಾ? ತಾಗಬಾರದು. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಅವು ದೂರ ಇರಬೇಕು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಒಂದು ಸುಲಭ ಉಪಾಯ ಇದೆ: ತುಟಿ ಮುಚ್ಚಿಕೊಂಡೇ ಮೆಲ್ಲಗೆ "ನ್" ಅಂದು ನೋಡಿ, ನಾಲಗೆ ಮೇಲಿನ ಮುಂದಿನ ಹಲ್ಲಿನ ಹಿಂದೆ ಹೋಗಿ ನಿಲ್ಲುತ್ತದೆ, ದವಡೆ ತಾನಾಗೇ ಸಡಿಲವಾಗುತ್ತದೆ. ಅದೇ ದವಡೆಯ ವಿಶ್ರಾಂತಿ. ನಾನು ಕಂಪ್ಯೂಟರ್ ಪರದೆಯ ಮೂಲೆಗೆ ಒಂದು ಹಳದಿ ಚೀಟಿ ಅಂಟಿಸಿ "ನ್" ಅಂತ ಬರೆದಿಟ್ಟಿದ್ದೆ. ಆಫೀಸಲ್ಲಿ ಎಲ್ಲರೂ ಏನಿದು ಅಂತ ಕೇಳಿದರು. ಮೊದಲ ವಾರ ಚೀಟಿ ಕಡೆ ನೋಡಿದಾಗಲೆಲ್ಲ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದೆ.

ಟಕ್ ಟಕ್ ಶಬ್ದ ಬರುತ್ತದೆ

ನೋವಿಲ್ಲ, ಸಿಕ್ಕಿಕೊಳ್ಳುವುದಿಲ್ಲ, ಮೂರು ಬೆರಳು ಹೋಗುತ್ತವೆ, ಬರೀ ಶಬ್ದ ಅಷ್ಟೇ ಅಂದರೆ ಬಿಟ್ಟುಬಿಡಿ. ನಿಜವಾಗಿ. ಮೆತ್ತೆ ಸ್ವಲ್ಪ ಮುಂದಕ್ಕೆ ಜಾರಿರುತ್ತದೆ, ಬಾಯಿ ತೆರೆಯುವಾಗ ಗುಂಡುತಲೆ ಅದರ ಮೇಲೆ ಹತ್ತಿ ಕೂರುವ ಶಬ್ದ ಅದು. ತುಂಬ ಜನರಿಗೆ ಇರುತ್ತದೆ, ವರ್ಷಗಟ್ಟಲೆ ಹಾಗೇ ಇರುತ್ತದೆ, ಚಿಕಿತ್ಸೆ ಬೇಕಾಗುವುದಿಲ್ಲ. ಶಬ್ದ ಬರುತ್ತದಾ ಅಂತ ದಿನಕ್ಕೆ ಇಪ್ಪತ್ತು ಸಲ ದವಡೆ ಆಡಿಸಿ ನೋಡುವ ಚಟ ಮಾತ್ರ ಬಿಡಿ.

ಶಬ್ದದ ಜೊತೆ ನೋವಿದ್ದರೆ ಕೆಳಗೆ ಹೇಳಿರುವ ಮನೆ ಆರೈಕೆ ಮಾಡಿ. ಮುಂಚೆ ಬರುತ್ತಿದ್ದ ಟಕ್ ಶಬ್ದ ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಬಾಯಿ ಎರಡೇ ಬೆರಳು ತೆರೆಯುತ್ತಿದ್ದರೆ ಸರಿಹೋಯಿತು ಅಂತ ಖುಷಿಪಡಬೇಡಿ, ಮೆತ್ತೆ ಸಿಕ್ಕಿಕೊಂಡಿದೆ. ಮುಂದಿನ ಭಾಗ ಅದೇ.

ಟಕ್ ಅನ್ನದೆ ಮರಳು ಅರೆದ ಹಾಗೆ ಜರಜರ ಅಂದರೆ ಕೀಲು ಸವೆದಿರಬಹುದು, ವಯಸ್ಸಾದವರ ಮೊಣಕಾಲಿನ ಹಾಗೆ. ಕೈಬೆರಳ ಕೀಲುಗಳೂ ಬೆಳಗ್ಗೆ ಹಿಡಿದುಕೊಂಡು ಊದುತ್ತಿದ್ದರೆ ರುಮಟಾಯ್ಡ್ ಸಂಧಿವಾತದ ಪರೀಕ್ಷೆ ಮಾಡಿಸಿ.

ಬಾಯಿ ಪೂರ್ತಿ ತೆರೆಯುತ್ತಿಲ್ಲ

ಇಲ್ಲಿ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಇದ್ದಕ್ಕಿದ್ದಂತೆ ಆಯಿತಾ, ತಿಂಗಳುಗಟ್ಟಲೆ ನಿಧಾನಕ್ಕೆ ಆಯಿತಾ?

ರಾತ್ರಿ ಮಲಗಿದಾಗ ಸರಿಯಿತ್ತು, ಬೆಳಗ್ಗೆ ಬ್ರಷ್ ಒಳಗೆ ಹೋಗುತ್ತಿಲ್ಲ, ಗದ್ದ ನೋವಿರುವ ಕಡೆಗೆ ವಾಲುತ್ತಿದೆ ಅಂದರೆ ಮೆತ್ತೆ ಮುಂದೆ ಜಾರಿ ಅಡ್ಡ ನಿಂತಿದೆ. ಜೋರು ಮಾಡಿ ತೆರೆಯಬೇಡಿ. ಇದನ್ನು ತಿಂಗಳುಗಟ್ಟಲೆ ಎಳೆಯದೆ ಒಂದೆರಡು ವಾರದೊಳಗೆ ತೋರಿಸಿದರೆ ಒಳ್ಳೆಯದು, ಬೇಗ ಹೋದಷ್ಟು ಕೈಯಿಂದಲೇ ಬಿಡಿಸುವ ಸಾಧ್ಯತೆ ಜಾಸ್ತಿ.

ಹದಿನೆಂಟು ಇಪ್ಪತ್ತೈದರ ಆಸುಪಾಸಿನವರಿಗೆ ಬಾಯಿ ಬಿಗಿಯಾಗಿ, ಕಟ್ಟಕಡೆಯ ಹಲ್ಲಿನ ಹತ್ತಿರ ವಸಡು ಊದಿ, ಕೆಟ್ಟ ರುಚಿ, ನುಂಗಿದರೆ ನೋವು ಇದ್ದರೆ ಬುದ್ಧಿಹಲ್ಲು ಹುಟ್ಟುವ ಗಲಾಟೆ. ಬಿಸಿ ಉಪ್ಪುನೀರು ಮುಕ್ಕಳಿಸಿ, ದಂತವೈದ್ಯರಿಗೆ ತೋರಿಸಿ. ಹಲ್ಲು ಕೀಳಿಸಿದ ಮೇಲೆ, ಕೆಳದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಡಿಸಿಕೊಂಡ ಮೇಲೆ ಎರಡು ಮೂರು ದಿನಕ್ಕೆ ಬಾಯಿ ಬಿಗಿದರೆ, ಸೂಜಿ ತಾಗಿದ ಸ್ನಾಯು ಮುನಿಸಿಕೊಂಡಿದೆ ಅಷ್ಟೇ. ಬಿಸಿ ಬಟ್ಟೆ, ಮೆಲ್ಲಗೆ ತೆರೆಯುವ ಅಭ್ಯಾಸ, ಕೆಲವು ವಾರ. ಜ್ವರ, ಊತ ಏರುತ್ತಿದ್ದರೆ ಮಾತ್ರ ಅದು ಬೇರೆ, ಕೀವು ಇರಬಹುದು.

ನಿಧಾನಕ್ಕೆ ಆದದ್ದಾ? ಹಾಗಾದರೆ ಅಡಿಕೆ ಹಾಕುತ್ತೀರಾ ಅಂತ ಕೇಳಲೇಬೇಕು. ನಮ್ಮ ರಾಜ್ಯ ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ, ನಮ್ಮ ಮನೆಯಲ್ಲೂ ತೋಟ ಇದೆ, ಈ ಮಾತು ಬರೆಯುವಾಗ ನನಗೇ ಒಂದು ಥರ ಆಗುತ್ತದೆ. ಆದರೂ ಇರುವುದು ಇದ್ದ ಹಾಗೆ ಹೇಳಬೇಕು. ಅಡಿಕೆ, ಗುಟ್ಕಾ, ಪಾನ್ ಮಸಾಲಾ ಕೆನ್ನೆಯಲ್ಲಿ ಇಟ್ಟುಕೊಳ್ಳುವವರಿಗೆ ಬಾಯಿಯ ಒಳಚರ್ಮದ ಕೆಳಗೆ ನಾರು ಕಟ್ಟುತ್ತಾ ಹೋಗುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಕೆಂಪು ಬಣ್ಣ ಕಳೆದುಕೊಂಡು ಬಿಳಿಚುತ್ತದೆ. ಬೆರಳಿಟ್ಟು ಸವರಿದರೆ ಒಳಗೆ ಹಗ್ಗದಂಥ ಪಟ್ಟಿ ಸಿಗುತ್ತದೆ. ಸೀಟಿ ಹೊಡೆಯಲು, ಕೆನ್ನೆ ಉಬ್ಬಿಸಲು ಆಗುವುದಿಲ್ಲ. ಮೂರು ಬೆರಳು ಎರಡಾಗುತ್ತದೆ, ಎರಡು ಒಂದಾಗುತ್ತದೆ. ಕೀಲು ನೋವು ಅಂತ ಬಂದವರಿಗೆ ಕೀಲಲ್ಲಿ ಏನೂ ಇರುವುದಿಲ್ಲ, ಕೆನ್ನೆಯೇ ಗಟ್ಟಿಯಾಗಿರುತ್ತದೆ. ಇದು ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ. ತಂಬಾಕಿಲ್ಲದ ಬರೀ ಅಡಿಕೆ ಪರವಾಗಿಲ್ಲ ಅನ್ನುವ ಮಾತೂ ನಿಲ್ಲುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಗುಟ್ಕಾ ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಯಿತು, ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ತಗೊಂಡು ಅಂಗೈಯಲ್ಲಿ ಬೆರೆಸುವುದನ್ನು ಯಾವ ಬಸ್‌ಸ್ಟ್ಯಾಂಡಲ್ಲೂ ನೋಡಬಹುದು. ಮನೆ ಮದ್ದು ಇದಕ್ಕಿಲ್ಲ. ಮೊದಲು ಅಗಿಯುವುದು ನಿಲ್ಲಬೇಕು, ಈ ವಾರವೇ ದಂತ ಕಾಲೇಜಿಗೆ ಹೋಗಿ ತೋರಿಸಬೇಕು. ಎರಡು ವಾರಕ್ಕೂ ವಾಸಿಯಾಗದ ಹುಣ್ಣು, ಗಂಟು, ಬಿಳಿ ಅಥವಾ ಕೆಂಪು ಕಲೆ ಇದ್ದರಂತೂ ತಡ ಮಾಡಬೇಡಿ.

ತೆರೆದ ಬಾಯಿ ಮುಚ್ಚುತ್ತಿಲ್ಲ

ಜೋರಾಗಿ ಆಕಳಿಸಿದಾಗ, ಹಲ್ಲಿನ ಚಿಕಿತ್ಸೆಗೆ ತುಂಬ ಹೊತ್ತು ಬಾಯಿ ತೆರೆದಿದ್ದಾಗ, ನಕ್ಕಾಗ ಕೂಡ ಆಗುತ್ತದೆ. ಗುಂಡುತಲೆ ತನ್ನ ಗುಂಡಿ ದಾಟಿ ಮುಂದೆ ಹೋಗಿ ಅಲ್ಲೇ ನಿಲ್ಲುತ್ತದೆ. ಜೊಲ್ಲು ಸುರಿಯುತ್ತದೆ, ಮಾತು ಬರುವುದಿಲ್ಲ, ಕಿವಿಯ ಮುಂದೆ ಗುಳಿ ಬಿದ್ದ ಹಾಗೆ ಕಾಣುತ್ತದೆ. ನೋಡುವವರಿಗೆ ನಗು ಬರಬಹುದು, ಅನುಭವಿಸುವವರಿಗೆ ಜೀವ ಬಾಯಿಗೆ ಬರುತ್ತದೆ.

ಗದ್ದಕ್ಕೆ ಕೆಳಗಿಂದ ಗುದ್ದಬೇಡಿ. ಆಸ್ಪತ್ರೆಯಲ್ಲಿ ಡಾಕ್ಟರು ಹೆಬ್ಬೆರಳಿಗೆ ಬಟ್ಟೆ ಸುತ್ತಿ ಹಿಂದಿನ ಕೆಳಹಲ್ಲುಗಳ ಮೇಲಿಟ್ಟು ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಒತ್ತಿ ಕೂರಿಸುತ್ತಾರೆ. ಇದು ಪ್ರಾಚೀನ ಗ್ರೀಸಿನ ವೈದ್ಯ ಹಿಪಾಕ್ರಟಿಸ್ ಕಾಲದಿಂದ ಬಂದ ಕ್ರಮ. ನೋಡಲು ಸುಲಭ ಅನಿಸುತ್ತದೆ, ಆದರೆ ಕೂತ ಕ್ಷಣ ದವಡೆ ಟಪ್ ಅಂತ ಮುಚ್ಚಿ ಬೆರಳು ಕಚ್ಚಿಸಿಕೊಂಡವರಿದ್ದಾರೆ. ಹೊತ್ತು ಕಳೆದಷ್ಟೂ ಸ್ನಾಯು ಬಿಗಿದು ಕಷ್ಟವಾಗುತ್ತದೆ, ಆದ್ದರಿಂದ ನಾಳೆ ನೋಡೋಣ ಅನ್ನಬೇಡಿ. ಒಮ್ಮೆ ಆದವರು ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಕೊಟ್ಟುಕೊಳ್ಳುವುದು ರೂಢಿ ಮಾಡಿಕೊಳ್ಳಿ.

ಕಿವಿ ನೋವು, ಆದರೆ ಕಿವಿಯಲ್ಲಿ ಏನೂ ಇಲ್ಲ

1934ರಲ್ಲಿ ಜೇಮ್ಸ್ ಕಾಸ್ಟೆನ್ ಅನ್ನುವ ಅಮೆರಿಕದ ಡಾಕ್ಟರು ದವಡೆ ಕೀಲಿನ ತೊಂದರೆಯಿಂದ ಕಿವಿ ನೋವು, ಕಿವಿ ತುಂಬಿದ ಹಾಗೆ ಆಗುವುದು, ಗುಂಯ್ ಅನ್ನುವುದು ಇದನ್ನೆಲ್ಲ ಒಟ್ಟಿಗೆ ಸೇರಿಸಿ ಬರೆದರು. ಅವರು ಕಿವಿ, ಮೂಗು, ಗಂಟಲಿನ ಡಾಕ್ಟರೇ, ದಂತವೈದ್ಯರಲ್ಲ. ಅವರು ಕೊಟ್ಟ ಕಾರಣ ಆಮೇಲೆ ನಿಲ್ಲಲಿಲ್ಲ, ಆದರೆ ಕಿವಿಗೂ ದವಡೆಗೂ ಇರುವ ನಂಟು ನಿಜ.

ಮನೆಯಲ್ಲಿ ಹೀಗೆ ಬೇರ್ಪಡಿಸಿ. ಕಿವಿಯ ಹಾಲೆ ಹಿಡಿದು ಮೆಲ್ಲಗೆ ಎಳೆದರೆ ನೋವು ಜಾಸ್ತಿಯಾದರೆ, ಸೋರಿದರೆ, ಜ್ವರ ಇದ್ದರೆ, ಕೇಳಿಸುವುದು ಕಡಿಮೆಯಾದರೆ ಕಿವಿಯದೇ ತೊಂದರೆ. ಅಗಿದರೆ, ಆಕಳಿಸಿದರೆ, ಬೆಳಗ್ಗೆ ಎದ್ದಾಗ ಜಾಸ್ತಿಯಾದರೆ ದವಡೆ ನೋಡಿ. ಏನೇ ಆಗಲಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು ಬೇಡ. ತಮಟೆ ತೂತಾಗಿದ್ದರೆ ಒಳಗೆ ಹೋಗಿ ಅನಾಹುತ. ನಮ್ಮಜ್ಜಿ ಈಗ ಇದ್ದಿದ್ದರೆ ಈ ಸಾಲು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ಒಂದೇ ಕಡೆಯ ಕಿವಿ ನೋವು ವಾರಗಟ್ಟಲೆ ಇದ್ದು, ಕಿವಿ ಸರಿಯಿದ್ದು, ಜೊತೆಗೆ ಧ್ವನಿ ಬದಲಾಗಿ ನುಂಗಲು ಕಷ್ಟ ಅಂದರೆ ಗಂಟಲು ಪರೀಕ್ಷೆ ಮಾಡಿಸಲೇಬೇಕು, ಅದರಲ್ಲೂ ಬೀಡಿ ಸಿಗರೇಟು ಸೇದುವವರು.

ಹಲ್ಲೋ, ಕೀಲೋ, ನರವೋ?

ತಣ್ಣೀರು, ಬಿಸಿ ಕಾಫಿ ತಾಗಿದರೆ ಝುಂ ಅನ್ನುವುದು, ಅದೂ ಲೋಟ ಕೆಳಗಿಟ್ಟ ಮೇಲೂ ಉಳಿಯುವುದು ಹಲ್ಲಿನ ಲಕ್ಷಣ. ಚಮಚದ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ. ಒಂದೇ ಹಲ್ಲು ಆಯ್ ಅನಿಸಿದರೆ ಅದೇ ಕಳ್ಳ. ಎಲ್ಲ ಹಲ್ಲೂ ಸುಮಾರಾಗಿ ನೋಯುತ್ತವೆ, ಯಾವುದು ಅಂತ ಹೇಳಲಾಗುತ್ತಿಲ್ಲ ಅಂದರೆ ಸ್ನಾಯುವಿನ ಕಡೆ ಅನುಮಾನ ಪಡಿ. ಆ ಪರಿಸ್ಥಿತಿಯಲ್ಲಿ ಯಾರಾದರೂ ರೂಟ್ ಕೆನಾಲ್ ಅಂದರೆ, ಎಕ್ಸ್‌ರೇಯಲ್ಲಿ ಏನು ಕಾಣುತ್ತಿದೆ ತೋರಿಸಿ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಕರೆಂಟ್ ಹೊಡೆದ ಹಾಗೆ ಕೆಲವೇ ಸೆಕೆಂಡು, ಮುಖ ತೊಳೆದರೆ, ಗಾಳಿ ಬೀಸಿದರೆ, ಬ್ರಷ್ ತಾಗಿದರೆ ಬರುವ ನೋವು ಮುಖದ ನರದ್ದು. ಮಧ್ಯೆ ಏನೂ ಇರುವುದಿಲ್ಲ. ಮಾಮೂಲಿ ನೋವಿನ ಮಾತ್ರೆಗೆ ಬಗ್ಗುವುದಿಲ್ಲ. ನರರೋಗ ತಜ್ಞರು ಕಾರ್ಬಮಝೆಪಿನ್ ಥರದ ಬೇರೆಯೇ ಔಷಧಿ ಕೊಡುತ್ತಾರೆ. ಇದನ್ನು ಹಲ್ಲು ನೋವು ಅಂದುಕೊಂಡು ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡವರಿದ್ದಾರೆ, ಪಾಪ.

ಊಟದ ಹೊತ್ತಿಗೆ, ಹುಳಿ ನೆನೆದರೂ ದವಡೆ ಕೆಳಗೆ ಊದಿ ಆಮೇಲೆ ಇಳಿದರೆ ಜೊಲ್ಲಿನ ಗ್ರಂಥಿಯಲ್ಲಿ ಕಲ್ಲು. ಕಿವಿಯ ಕೆಳಗೆ ಊದಿ ಜ್ವರ ಇದ್ದರೆ ಮಂಗನಬಾವು ಇರಬಹುದು.

ಮನೆಯಲ್ಲಿ ಎರಡು ಮೂರು ವಾರ

ತುರ್ತು ಲಕ್ಷಣ ಇಲ್ಲದ ಸ್ನಾಯು ನೋವು, ಕೀಲು ನೋವು ಹೆಚ್ಚಿನವರಿಗೆ ಇಷ್ಟರಲ್ಲೇ ಇಳಿಯುತ್ತದೆ.

ಊಟದಿಂದ ಶುರು ಮಾಡಿ. ದವಡೆಗೆ ರಜೆ ಕೊಡಬೇಕು ಅಂದರೆ ನಮಗಿಂತ ಅದೃಷ್ಟವಂತರಿಲ್ಲ, ರಾಗಿಮುದ್ದೆ ಇದೆ. ಅಗಿಯುವ ಹಂಗೇ ಇಲ್ಲ, ಸಾರಲ್ಲಿ ಅದ್ದಿ ನುಂಗುವುದು. ನಾನು ಹದಿನೈದು ದಿನ ರಾತ್ರಿ ಮುದ್ದೆ ಬಸ್ಸಾರು ತಿಂದೇ ಕಳೆದೆ. ಇಡ್ಲಿ, ಗಂಜಿ, ಮೆತ್ತಗೆ ಬೆಂದ ಅನ್ನ ತಿಳಿಸಾರು ಆಗುತ್ತದೆ. ಉತ್ತರ ಕರ್ನಾಟಕದವರು ಖಡಕ್ ರೊಟ್ಟಿ ಮುಟ್ಟಬೇಡಿ, ಬಿಸಿ ರೊಟ್ಟಿಯನ್ನೂ ಹಾಲಲ್ಲೋ ಪಲ್ಯದ ರಸದಲ್ಲೋ ನೆನೆಸಿಕೊಳ್ಳಿ. ನಿಪ್ಪಟ್ಟು, ಕೋಡುಬಳೆ, ಕಬ್ಬು, ಒಣಕೊಬ್ಬರಿ, ಸೀಬೆಕಾಯಿ, ಚೂಯಿಂಗ್ ಗಮ್ ಬೇಡ. ದೊಡ್ಡ ಬರ್ಗರ್‌ಗೆ ಬಾಯಿ ಹಾಕಬೇಡಿ. ಎರಡೂ ಕಡೆ ಅಗಿಯಿರಿ.

ಹೊಸ ನೋವು, ಪೆಟ್ಟಾದ ನೋವಾದರೆ ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ. ಹಳೆಯ, ಬಿಗಿಯುವ ನೋವಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಅದಾದ ಮೇಲೆ ಕೆನ್ನೆಯ ಸ್ನಾಯುವನ್ನು ಎರಡು ಬೆರಳಲ್ಲಿ ಸಣ್ಣ ಸುತ್ತು ಸುತ್ತಾಗಿ ನೀವಿ. ಆಮೇಲೆ ನಾಲಗೆ ತುದಿಯನ್ನು ಬಾಯಿಯ ಅಂಗುಳಕ್ಕೆ ಒತ್ತಿಕೊಂಡೇ, ಅದು ಬಿಡದಷ್ಟೇ ಬಾಯಿ ತೆರೆದು ಮುಚ್ಚಿ, ಆರು ಸಲ. ದಿನಕ್ಕೆ ಐದಾರು ಬಾರಿ ಮಾಡಬಹುದು. ನೋವು ಏರಿದರೆ ನಿಲ್ಲಿಸಿ.

ಮಾತ್ರೆ ಬೇಕೇ ಬೇಕು ಅಂದರೆ ಪ್ಯಾರಾಸಿಟಮಾಲ್, ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆ. ಐಬುಪ್ರೊಫೆನ್ ಊಟದ ಮೇಲೆ, ಕೆಲವೇ ದಿನ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿ ಅಂದರೆ ಐಬುಪ್ರೊಫೆನ್ ಕೇಳದೆ ಬೇಡ. ಡೆಂಗ್ಯೂ ಕಾಲದಲ್ಲಿ ಜ್ವರ ಇದ್ದಾಗಲೂ ಬೇಡ.

ಫೋನನ್ನು ಕಿವಿ ಭುಜದ ನಡುವೆ ಸಿಕ್ಕಿಸಿಕೊಂಡು ಅಡುಗೆ ಮಾಡುವುದು, ಬೋರಲು ಮಲಗುವುದು, ಗದ್ದಕ್ಕೆ ಕೈ ಕೊಟ್ಟು ಗಂಟೆಗಟ್ಟಲೆ ಕೂರುವುದು, ಪೆನ್ನು, ಉಗುರು ಕಚ್ಚುವುದು. ಚಿಕ್ಕ ಚಿಕ್ಕ ಸಂಗತಿ, ಆದರೂ ದವಡೆಗೆ ಲೆಕ್ಕ ಇರುತ್ತದೆ.

ಮೂರು ವಾರ ಆದರೂ ಇಳಿಯದಿದ್ದರೆ

ಮೊದಲು ದಂತವೈದ್ಯರು. ಬೇಕಾದರೆ ಅವರೇ ದವಡೆ ಮುಖದ ಶಸ್ತ್ರಚಿಕಿತ್ಸಕರ ಹತ್ತಿರ ಕಳಿಸುತ್ತಾರೆ. ಬೆಂಗಳೂರಲ್ಲಿರುವವರಿಗೆ ಕೋಟೆ ಹತ್ತಿರದ ಸರ್ಕಾರಿ ದಂತ ಕಾಲೇಜು ಇದೆ, ಬೇರೆ ಊರಲ್ಲಿ ಹತ್ತಿರದ ದಂತ ಕಾಲೇಜು. ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಮೂರು ಬೆರಳಿನ ಲೆಕ್ಕ ಬರೆದ ಚೀಟಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ಪೂರ್ತಿ ದವಡೆಯ ಎಕ್ಸ್‌ರೇ ಒಂದು ಸಾಮಾನ್ಯವಾಗಿ ತೆಗೆಯುತ್ತಾರೆ, ಅದರಲ್ಲಿ ಹಲ್ಲು, ಮೂಳೆ ಕಾಣುತ್ತದೆ. ಮೆತ್ತೆ ಚೆನ್ನಾಗಿ ಕಾಣುವುದು ಎಂಆರ್‌ಐನಲ್ಲಿ. ಎಲ್ಲರಿಗೂ ಅದು ಬೇಡ, ಬಾಯಿ ಸಿಕ್ಕಿಕೊಂಡಿದ್ದರೆ, ಚಿಕಿತ್ಸೆಗೆ ಬಗ್ಗದಿದ್ದರೆ ಬೇಕು. ಎಂಆರ್‌ಐಯಲ್ಲಿ ಮೆತ್ತೆ ಜಾರಿದೆ ಅಂತ ಬಂದರೂ ಗಾಬರಿ ಬೇಡ, ನೋವೇ ಇಲ್ಲದವರಿಗೂ ಹಾಗೆ ಇರುತ್ತದೆ. ಸಿಕ್ಕಿಕೊಂಡ ಕೀಲಿಗೆ ಎರಡು ಸೂಜಿ ಹಾಕಿ ಉಪ್ಪುನೀರಿನ ದ್ರಾವಣದಲ್ಲಿ ತೊಳೆಯುವ ಚಿಕಿತ್ಸೆ ಇದೆ. ತೆರೆದ ಶಸ್ತ್ರಚಿಕಿತ್ಸೆ ಬೇಕಾಗುವುದು ತೀರಾ ಕಡಿಮೆ ಜನರಿಗೆ.

ಒಂದು ಕಡೆ ನಾನು ಹಠ ಮಾಡುತ್ತೇನೆ. ವಾಪಸ್ ಬರಲಾಗದ ಚಿಕಿತ್ಸೆಗೆ ಮೊದಲೇ ಒಪ್ಪಬೇಡಿ. ಕಚ್ಚುವುದು ಸರಿ ಇಲ್ಲ ಅಂತ ಹಲ್ಲು ಉಜ್ಜಿ ಕೆತ್ತುವುದು, ಕೀಲು ನೋವಿಗೋಸ್ಕರವೇ ಎಲ್ಲ ಹಲ್ಲಿಗೂ ಕ್ಯಾಪ್, ತಂತಿ. ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ತಗೊಳ್ಳಿ. ರಾತ್ರಿ ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಂಡು ಬೆಳಗ್ಗೆ ತೆಗೆದು ಇಡಬಹುದಾದ ನೈಟ್ ಗಾರ್ಡ್, ವ್ಯಾಯಾಮ, ಫಿಸಿಯೊಥೆರಪಿ ಮೊದಲು.

ಗಾರ್ಡ್‌ನಲ್ಲೂ ಬಗೆ ಇದೆ. ಬಿಸಿನೀರಲ್ಲಿ ಹಾಕಿ ಕಚ್ಚಿ ಮಾಡಿಕೊಳ್ಳುವ ರೆಡಿಮೇಡ್ ಮೆತ್ತನೆಯದು ಅಗ್ಗ, ಕೆಲವರು ಅದನ್ನು ಚೂಯಿಂಗ್ ಗಮ್ ಹಾಗೆ ಇನ್ನೂ ಜಾಸ್ತಿ ಅಗಿಯುತ್ತಾರೆ. ಮುಂದಿನ ನಾಲ್ಕು ಹಲ್ಲಿಗೆ ಮಾತ್ರ ಹಾಕುವಂಥದ್ದನ್ನು ತಿಂಗಳುಗಟ್ಟಲೆ ಹಾಕಿದರೆ ಕಚ್ಚುವುದೇ ಬದಲಾಗಬಹುದು. ಅಳತೆ ತೆಗೆದು ಎಲ್ಲ ಹಲ್ಲೂ ಮುಚ್ಚುವ ಹಾಗೆ ಮಾಡಿಸಿದ ಗಟ್ಟಿ ಗಾರ್ಡ್ ಒಳ್ಳೆಯದು. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲು ಸವೆಯದ ಹಾಗೆ ನೋಡಿಕೊಳ್ಳುತ್ತದೆ, ದವಡೆಯ ಭಾರ ಹಂಚುತ್ತದೆ. ಬೆಳಗ್ಗೆ ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರಿಗೆ ಸೊಟ್ಟಗಾಗುತ್ತದೆ. ನನ್ನದು ಎರಡು ವರ್ಷದ್ದು, ಬೆಳಕಿಗೆ ಹಿಡಿದರೆ ಬಲಗಡೆ ಹಿಂದಿನ ಹಲ್ಲಿನ ಜಾಗದಲ್ಲಿ ಗಸಗಸೆ ಕಾಳಿನಷ್ಟು ಎರಡು ಗುಳಿ ಕಾಣುತ್ತವೆ. ಹೋದ ಸಲ ತೋರಿಸಿದಾಗ ದಂತವೈದ್ಯೆ ಆ ಗುಳಿಗಳನ್ನು ಉಗುರಲ್ಲಿ ಕೆರೆದು ನೋಡಿ, ಈ ಕೆಲಸ ರೂಟ್ ಕೆನಾಲ್ ಮಾಡಿಸಿಕೊಳ್ಳಲು ಹೊರಟಿದ್ದ ಹಲ್ಲಿನದೇ ಅಂದರು.